ಕಲಿಯದ ಕಾವಲುಗಾರರು

ಟಿವಿಯೊಳಗಿಂದ ಮತ್ತೆ ಶಿಳ್ಳೆ ಬಂತು. ಮುಂಜಾನೆಯಿಂದ ಎಷ್ಟನೆಯದೋ ಏನೋ. ಮೊರದಾಗ ತೊಗರಿ ಹಸನು ಮಾಡುತ್ತ ಕೂತಿದ್ದೆ, ಕೈ ತಾನಾಗಿ ನಿಂತಿತು. ಕುರಿಯವರ ಮನಿಯಲ್ಲಿ ಬೆಳೆದವಳು ನೋಡ್ರಿ, ಶಿಳ್ಳೆ ಅಂದರೆ ಯಾರೋ ಕರೀತಾರ ಅಂತಲೇ ನನಗೆ ಅರ್ಥ. ತಲೆ ಎತ್ತಿದರೆ ಅದೇ ಹುಲ್ಲು, ಹುಲ್ಲೊಳಗ ಕುಕ್ಕರಗಾಲಲ್ಲಿ ಅಡಗಿದ ಅದೇ ಹೆಣ್ಣುಮಗಳು, ಶಿಳ್ಳೆ ಕೇಳಿ ಈಟಿ ಹಿಡಿದು ಬರುವ ಅದೇ ಮಬ್ಬ. ಹುಲ್ಲಿನ ಹತ್ತಿರ ಬಂದ, ಆಕಿ ಒಳಗೆ ಎಳಕೊಂಡಳು, ಮುಗೀತು ಅವನ ಕಥಿ.

ಆಡುವಾಕಿ ನನ್ನ ಮಗನ ಮಗಳು ಅಶ್ವಿನಿ. ನಿಲಂಗಾದ ಕಾಲೇಜಿಗೆ ತುರೋರಿಯಿಂದ ದಿನಾ ಬಸ್ಸಿಗೆ ಹೋಗಿ ಬರುವಾಕಿ. ಈಗ ಹನ್ನೆರಡು ದಿನ ಆಯಿತು, ಹೋಗಿಲ್ಲ. ಓದಲಿಕ್ಕ ರಜಾ ಕೊಟ್ಟಾರ ಅಂತಾಳ. ಓದೂದು ಕಾಣಲಿಲ್ಲ. ಲಾರಿ ಮ್ಯಾಲ ಹೋಗುವ ಆಕಿ ಅಣ್ಣ ಎಲ್ಲಿಂದಲೋ ಒಂದು ಆಟದ ಡಬ್ಬಿ ತಂದು ಟಿವಿಗೆ ಹಚ್ಚಿಟ್ಟಾನ, ಅದರೊಳಗ ಒಂದು ದೇಶವೇ ಅದ. ಗುಡ್ಡ, ಹೊಳಿ, ಊರು, ಎಲ್ಲಿ ಬೇಕಾದಲ್ಲಿ ತಿರುಗಬಹುದು. ಅಲ್ಲಲ್ಲಿ ಕಿಲ್ಲೆ, ಕಿಲ್ಲೆಗೆ ಕಾವಲಿನವರು. ಅವರ ಕಣ್ಣಿಗೆ ಬೀಳದಂಗ ಒಳಗೆ ಹೊಕ್ಕು ಕೆಲಸ ಮುಗಿಸಿ ಬರಬೇಕು. ಆಮೇಲೆ ಮುಂದಿನ ಕಿಲ್ಲೆ.

ಮೊದಲ ಎರಡು ದಿನ ನಾನೂ ಬಾಯಿ ತೆರೆದು ನೋಡಿದೆ, ಸುಳ್ಳು ಯಾಕ ಹೇಳಲಿ. ಮೂರನೆಯ ದಿನದಿಂದ ನನಗೆ ಸಿಟ್ಟು ಬರಲಿಕ್ಕೆ ಹತ್ತಿತು. ಮೂರು ಮಂದಿ ಜೊತೆಗಾರರು ಕಣ್ಣೆದುರಿಗೇ ಕಾಣೆಯಾದರೂ ಆ ಕಾವಲುಗಾರ ಇಪ್ಪತ್ತು ಹೆಜ್ಜೆ ಆ ಕಡೆ, ಇಪ್ಪತ್ತು ಹೆಜ್ಜೆ ಈ ಕಡೆ. ಏನೋ ಸಪ್ಪಳಾತು ಅಂತಾನ, ಒಂದೀಟು ಹುಡುಕ್ತಾನ, ಗಾಳಿ ಇರಬೇಕು ಅಂತ ಹೋಗಿ ಮತ್ತೆ ಅದೇ ಜಾಗಾದಾಗ ನಿಲ್ತಾನ. ಇಂಥವನಿಗೆ ಪಗಾರ ಕೊಡುವ ರಾಜ ಎಂಥವನಿರಬೇಕು, ನೀವೇ ಹೇಳ್ರಿ.

"ಬ್ಯಾಸರ ಬರೂದಿಲ್ಲೇನ ನಿನಗ?" ಅಂದೆ.

"ಬಂದದ."

"ಮತ್ತ?"

"ಇನ್ನ ಹನ್ನೊಂದ ಕಿಲ್ಲೆ ಉಳದಾವ ಆಯಿ."

ನಾವೂ ದಿನಾ ರೊಟ್ಟಿ ಬಡೀತೀವಿ, ಅದೂ ಅದೇ ಕೆಲಸ. ಆದರೆ ಹಿಟ್ಟು ಹಳೆಯದಾದರೆ ಜಿಗಿ ಬಿಟ್ಟು ರೊಟ್ಟಿ ಹರಿಯುತ್ತದೆ, ಹಂಚು ಒಂದು ದಿನ ಕಾಯುತ್ತದೆ, ಒಂದು ದಿನ ಕಾಯೂದಿಲ್ಲ. ಹಿಟ್ಟಿಗೂ ತನ್ನದೊಂದು ಹಟ ಅದ. ಆ ಈಟಿಯವನಿಗೆ ಅಷ್ಟೂ ಇಲ್ಲ.

ಕದಿಯುವುದು ನನಗೆ ಗೊತ್ತು. ಮದುವೆಯಾದ ಮರುವರ್ಷದ ಬೇಸಗಿ. ಹದಿನೇಳು ಕುರಿ. ಎರಡು ಈದಿದ್ದವು, ಕೆಚ್ಚಲು ಬತ್ತಿ ತೊಗಲಾಗಿತ್ತು, ಮೂರು ಮರಿ ಜೋಲಿ ಹೊಡೀತಿದ್ದವು. ಸುತ್ತ ಹಸರು ಅಂದರೆ ಒಂದೇ, ಶಿವಪೂಜಿ ಮಾಡುವ ಒಂದು ದೊಡ್ಡ ಒಕ್ಕಲುಮನಿಯವರ ಬಾವಿ ಕೆಳಗಿನ ಮೇವು. ಅದನ್ನು ಕಾಯುತ್ತಿದ್ದಾಕಿ ಆ ಮನಿಯ ಮಗಳು ಗೌರವ್ವ. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದಳು. ಕೇಳೂಣಂದರೆ ನನಗೆ ಬಾಯಿ ಬರಲಿಲ್ಲ. ಅವರ ಹೊಲದಾಗ ಸಿಕ್ಕ ಕುರಿ ನೆಟ್ಟಗೆ ಸರಕಾರಿ ದೊಡ್ಡಿಗೆ ಹೋಗುತ್ತಿದ್ದವು, ದಂಡ ಕಟ್ಟಿದರೇ ಬಿಡುಗಡೆ. ನನ್ನ ಮಾವ ಮೊದಲೇ ಹೇಳಿದ್ದರು, ಒಂದು ಕುರಿ ದೊಡ್ಡಿಗೆ ಬಿದ್ದರೂ ನೀ ವಲಾಂಡಿಗೆ, ನಿನ್ನ ತವರಿಗೆ ಹೋಗು, ತಿರುಗಿ ಬರೂದು ಬ್ಯಾಡ. ಅಂದದ್ದು ಮಾಡುವ ಮನುಷ್ಯ.

ಆದರೂ ಹೊಕ್ಕೆ. ಮೊದಲ ದಿನ, ಆಕಿ ಬುತ್ತಿ ಬಿಚ್ಚುವ ಹೊತ್ತಿಗೆ ಹಳ್ಳದ ಕಡೆಯಿಂದ. ಮರುದಿನ ನೋಡಿದರೆ ಹಳ್ಳಕ್ಕೇ ಮುಖ ಮಾಡಿ ಉಣ್ಣಲಿಕ್ಕೆ ಕೂತಾಳ. ಸಡಕಿನ ಕಡೆಯಿಂದ ಲಾರಿ ಎಬ್ಬಿಸಿದ ಧೂಳಿನಾಗ ಹೊಕ್ಕೆ. ಅದರ ಮರುದಿನ ಅಲ್ಲಿ ಜಾಲಿಮುಳ್ಳು. ಗಂಡನ ಕಂಬಳಿ ಹೊದ್ದು ಗಂಡಸಿನಂಗ ನಡೆದು ಹೋದೆ. "ಕಂಬಳಿ ಗಂಡಂದು, ಹೆಜ್ಜಿ ನಿಂದು" ಅಂತ ಅಲ್ಲಿಂದಲೇ ಒದರಿದಳು. ಒಂದು ಉಪಾಯ ಎರಡು ದಿನ ನಡೆಯಲಿಲ್ಲ.

ಹತ್ತನೆಯ ದಿನ ನನಗೆ ದೊಡ್ಡ ಬುದ್ಧಿ ಬಂತು. ಮುಂದಾಳು ಟಗರಿನ ಕೊರಳ ಗಂಟೆಯೇ ನನ್ನನ್ನು ಹಿಡಿದು ಕೊಡುತ್ತದೆ ಅಂದುಕೊಂಡು ಅದರೊಳಗ ಉಣ್ಣೆ ತುರುಕಿದೆ. ಸಪ್ಪಳಿಲ್ಲದೆ ಹೊಕ್ಕೆವು. ಮೇವು ನಡುಮಟ ಬೆಳೆದಿತ್ತು. ಕುರಿ ತಲೆ ತಗ್ಗಿಸಿ ಗಂಟೆಯ ಹಿಂದೆ ಹೋಗುವ ಜಾತಿ, ಗಂಟೆ ಕೇಳದಾದ ಕೂಡಲೆ ದಿಕ್ಕಾಪಾಲು. ಕೆಲವು ಬಾವಿಯ ಕಡೆ, ಕೆಲವು ಲಾರಿ ಓಡುವ ಸಡಕಿನ ಕಡೆ. ಒದರಿ ಕರೆಯಲಿಕ್ಕೂ ಬರದು, ಕಳ್ಳಿ ನಾನು. ಕುರಿಯವರ ಮಗಳಾಗಿ ಇಷ್ಟು ತಿಳೀಲಿಲ್ಲಲ್ಲ ಅಂತ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು.

ಗೌರವ್ವ ಬಂದಳು. ಆಯಿತು, ವಲಾಂಡಿ ಅಂದುಕೊಂಡೆ. ಆಕಿ ಟಗರನ್ನು ಹಿಡಿದು, ಬೆರಳು ಹಾಕಿ ಉಣ್ಣೆ ಕಿತ್ತು, ಕೊರಳು ಅಲ್ಲಾಡಿಸಿದಳು. ಒಂದೊಂದೇ ಬಂದು ಕೂಡಿದವು.

"ಹತ್ತ ದಿನ ಆತು, ನನಗ ಕಣ್ಣ ಮುಚ್ಚಗೊಟ್ಟಿಲ್ಲ ನೀ. ಯಾತಕ್ಕ?"

"ಮರಿಗೆ ಹಾಲಿಲ್ರಿ ಅವ್ವಾರ."

"ಇಷ್ಟ ಹೇಳಾಕ ಹತ್ತ ದಿನ ಬೇಕಾತು?"

ಒಂದು ಹೊರಿ ಮೇವು ಕೊಯ್ದು ಒಗೆದಳು. ನಾಳೆಯಿಂದ ಸಂಜಿಗೆ ಬಾ, ದಾರಿ ಹಿಡಿದು ಬಾ ಅಂದಳು. ಮೂರರಲ್ಲಿ ಎರಡು ಮರಿ ಉಳಿದವು. ಗೌರವ್ವ ನನ್ನ ಕೂಡ ಎಂದೂ ನಗಲಿಲ್ಲ, ನಾವೇನೂ ಗೆಳತಿಯರಾಗಲಿಲ್ಲ. ಆದರೆ ನಲವತ್ತು ವರ್ಷ ನನ್ನ ಕೈಯ ರೊಟ್ಟಿ ತಿಂದ ಗಂಡನೂ ನನ್ನನ್ನು ಆಕಿ ನೋಡಿದಷ್ಟು ನೋಡಿಲ್ಲ.

ಇದನ್ನೆಲ್ಲ ಅಶ್ವಿನಿಗೆ ಹೇಳಿದೆ. ನಿನ್ನ ಆಟದಾಗ ಒಬ್ಬ ಗೌರವ್ವ ಇದ್ದಿದ್ದರ ಹನ್ನೊಂದಲ್ಲ, ಒಂದು ಕಿಲ್ಲೆ ಸಾಕಾಗ್ತಿತ್ತು, ವರ್ಷಗಟ್ಟಲೆ ಆಡ್ತಿದ್ದಿ ಅಂದೆ. ಆಕಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಆ ಕಾವಲಿನವರು ಹಂಗ ಅದಾರಂತನ ಆಡ್ತೀನಿ ಆಯಿ. ಬ್ಯಾಸರ ಬಂದರ ಬರ್ಲಿ. ಯಾರೂ ಏನೂ ಕೇಳೂದಿಲ್ಲ."

ಮೊರ ಕೆಳಗಿಟ್ಟೆ. ಹನ್ನೆರಡು ದಿನದಿಂದ ಆಕಿ ಅಪ್ಪ ಈ ಬಾಗಿಲದಾಗ ನಿಂತು "ಅಭ್ಯಾಸ ಮಾಡು" ಅಂತಾನ, ಹೋಗ್ತಾನ. ಆಕಿ ಅವ್ವ ಅದೇ ಮಾತು ಅಂತಾಳ, ಹೋಗ್ತಾಳ. ನಾನು ಉಂಡೀ ಏನು ಅಂತೀನಿ, ಹೂಂ ಅಂತಾಳ, ತೊಗರಿ ಹಸನು ಮಾಡ್ತೀನಿ.

ಎದ್ದು ಹೋಗಿ ಟಿವಿ ಆರಿಸಿದೆ. ಕಾಲೇಜಿನಾಗ ಏನು ನಡದದ, ಹೇಳು ಅಂದೆ. ಆಕಿ ಎದುರಿಗೆ ಕೂತೆ. ಹೇಳುವತನಕ ಏಳಲಿಲ್ಲ. ಎರಡು ವಿಷಯದಾಗ ನಾಪಾಸಾಗ್ಯಾಳ. ಮತ್ತೆ ಪರೀಕ್ಷೆಗೆ ಕೂಡಲಿಕ್ಕೆ ಫಾರ್ಮ್ ತುಂಬಬೇಕು, ನಾಳೆಯೇ ಕಡೆಯ ದಿನ. ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸಿ ವರ ನೋಡ್ತಾನ ಅಂತ ಹೆದರಿಕಿ. ಹೆದರಿಕಿ ಸುಳ್ಳಲ್ಲ, ಹೋದ ಸಲ ಆಕಿ ಅಕ್ಕನಿಗೆ ಹಂಗೇ ಮಾಡ್ಯಾನ. ಚಲೋತ್ನಂಗ ಬೈದೆ, ಆಕಿಯನ್ನೂ, ಮನಿಯವರನ್ನೂ.

ಇದು ನಿನ್ನೆಯ ಮಾತು. ಇವತ್ತು ಮುಂಜಾನೆ ಇಬ್ಬರೂ ಬಸ್ಸಿಗೆ ಬಂದು ನಿಂತೆವು. ಮಗ ಸಡಕಿನ ಮೇಲೆ ಎದುರಾದ.

"ಎಲ್ಲಿಗಿ?"

"ನಿಲಂಗಾಕ್ಕ. ನನ್ನ ತಂಗಿ ಮಗಳನ್ನ ನೋಡಿ ಬರ್ತೀವಿ."

ಹೂಂ ಅಂದು ಹೋದ. ನನಗೆ ತಂಗಿಯೇ ಇಲ್ಲ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿಯಾನು ಅಂತ ಬಸ್ಸು ಬರುವತನಕ ಅವನ ಬೆನ್ನೇ ನೋಡಿದೆ. ನೋಡಲಿಲ್ಲ. ಅಶ್ವಿನಿ ನಗಲಿಕ್ಕೆ ಹತ್ತಿದಳು, ನನಗೆ ನಗು ಬರಲಿಲ್ಲ. ಫಾರ್ಮ್ ತುಂಬಿ ಸಂಜೆಗೆ ಮನಿಗೆ ಹೋದ ಮೇಲೆ ಅವನನ್ನು ಎದುರಿಗೆ ಕೂಡಿಸಿಕೊಂಡು ಎಲ್ಲಾ ಹೇಳೂದದ, ಕಾಲೇಜು ಬಿಡಿಸಬ್ಯಾಡ ಅಂತಲೂ, ಅವನು ತಾನಾಗಿ ಏನೂ ಕೇಳದಿದ್ದರೂ.