ಖಾಲಿ ಕಡೆಯವರು

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂಬುದನ್ನು ಹಲಸೂರಿನ ಅತ್ತೆಗೆ ತಿಳಿಯುವಂತೆ ಹೇಳಲು ವರ್ಷಗಳಿಂದ ಹೆಣಗುತ್ತಿದ್ದೇನೆ. ಮಾರತ್ತಹಳ್ಳಿಯ ಹತ್ತಿರ ನಮ್ಮ ಆಫೀಸು. ಕೋಡ್ ಬರೆಯಲು ಬಾರದವರೂ ತಮಗೆ ಬೇಕಾದ ವೆಬ್ ಆ್ಯಪನ್ನು ತಾವೇ ಕಟ್ಟಿಕೊಳ್ಳಬಹುದಾದ ಒಂದು ಸಾಧನವನ್ನು ನಾವು ಮಾರುತ್ತೇವೆ. ಕಟ್ಟಿಕೊಂಡವರು ಅದನ್ನು ಕೆಡಿಸಿಕೊಂಡಾಗ ಅವರಿಗೆ ಉತ್ತರ ಬರೆಯುವವನು ನಾನು.

“ಅಂದ್ರೆ ರಿಪೇರಿ,” ಎಂದಳು ಅತ್ತೆ.

“ರಿಪೇರಿ ಅಲ್ಲ ಅತ್ತೆ. ರಿಪೇರಿ ಹೆಂಗ್ ಮಾಡ್ಕೋಬೇಕು ಅಂತ ಹೇಳ್ಕೊಡೋದು.”

“ಹಂಗಾದ್ರೆ ಬರೀ ಬಾಯಿ,” ಎಂದು ತೀರ್ಪು ಕೊಟ್ಟು ಅವರೆಕಾಯಿ ಬಿಡಿಸತೊಡಗಿದಳು.

ಈ ಬಾಯಿ ಕೂಡ ಅವಳು ಕೊಟ್ಟದ್ದೇ. ಅಪ್ಪ ಅಮ್ಮ ಕೆ.ಆರ್. ಪುರದ ಹತ್ತಿರ ಸೊಪ್ಪು ಬೆಳೆಯುತ್ತಿದ್ದ ಕಾಲದಲ್ಲಿ, ಶಾಲೆ ಹತ್ತಿರವೆಂದು ನನ್ನನ್ನು ಅತ್ತೆ ಮನೆಯಲ್ಲಿ ಬಿಟ್ಟಿದ್ದರು. ಯಾರನ್ನು ಏನೆಂದು ಕರೆಯಬೇಕು, ಸಿಟ್ಟು ಬಂದಾಗ ಯಾವ ಮಾತು ನುಂಗಬೇಕು, ಯಾವುದನ್ನು ಉಗುಳಬೇಕು, ಎಲ್ಲ ಕಲಿತದ್ದು ಆ ಮನೆಯ ಜಗಲಿಯಲ್ಲಿ. ಅವಳು ಅಪ್ಪನ ತಂಗಿ. ಅವಳನ್ನು ಅಮ್ಮನ ಅಣ್ಣನಿಗೆ ಕೊಟ್ಟು, ಅದೇ ಚಪ್ಪರದಲ್ಲಿ ಅದೇ ದಿನ ಅಮ್ಮನನ್ನು ಅಪ್ಪನಿಗೆ ತಂದಿದ್ದರು. ಹೀಗೆ ಹೆಣ್ಣು ಕೊಟ್ಟು ಹೆಣ್ಣು ತಂದ ಮನೆಗಳು ನಮ್ಮಲ್ಲಿ ಇನ್ನೂ ಕೆಲವಿವೆ. ಹಾಗಾಗಿ ಅತ್ತೆ ನನಗೆ ಎರಡು ದಾರಿಯಿಂದಲೂ ಅತ್ತೆ. ಅವಳೂ ಅಮ್ಮನೂ ಒಬ್ಬರನ್ನೊಬ್ಬರು ‘ಅತ್ತಿಗೆ’ ಎಂದೇ ಕೂಗುತ್ತಾರೆ. ಇಬ್ಬರ ಲೆಕ್ಕವೂ ಸರಿಯೇ.

ನನ್ನ ತಂಗಿಯ ಮದುವೆ ಗೊತ್ತಾಯಿತು. ನಮ್ಮ ಕಡೆ ಹತ್ತಿರದವರನ್ನು ಕಾಗದ ಕಳಿಸಿ ಕರೆದರೆ ಕರೆದಂತಲ್ಲ. ಮನೆಗೆ ಹೋಗಬೇಕು, ಹೆಂಗಸರಿಗೆ ಅರಿಶಿನ ಕುಂಕುಮ ಕೊಡಬೇಕು, ಎಲೆ ಅಡಿಕೆ ಇಡಬೇಕು, ಬಾಯಿ ಬಿಟ್ಟು ಕರೆಯಬೇಕು. ಪರಿಚಯದವರಿಗೆ ಮಾತ್ರ ವಾಟ್ಸಾಪ್ ಸಾಕು. ಯಾರು ಯಾವ ಗುಂಪು ಎಂದು ಅಪ್ಪ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಲು ಕೂತಾಗ ನಾನು ನಕ್ಕೆ. ಆ ನಗುವಿನ ದಂಡವನ್ನು ಮುಂದೆ ಕಟ್ಟಿದೆ ಎನ್ನಿ. “ಅಪ್ಪಾ, ನಾನಿರೋದ್ಯಾಕೆ? ಒಂದು ಆ್ಯಪ್ ಮಾಡ್ಬಿಡ್ತೀನಿ,” ಎಂದೆ.

ಮಾಡಿಯೂ ಬಿಟ್ಟೆ. ಮನೆಗೊಂದು ನಮೂದು: ಹೆಸರು, ಫೋನು, ಬಡಾವಣೆ, ಸಂಬಂಧ. ಅಮ್ಮ ಕನ್ನಡಕ ಏರಿಸಿಕೊಂಡು ವಾರವಿಡೀ ಒಂದೊಂದೇ ಅಕ್ಷರ ಒತ್ತಿ ತುಂಬಿಸಿದಳು. ಸಂಬಂಧ ಹತ್ತಿರದ್ದಾದರೆ ಆ ಮನೆ ‘ಹೋಗಿ ಕರೆಯಬೇಕಾದವರು’ ಪಟ್ಟಿಗೆ ಹೋಗುತ್ತದೆ. ಉಳಿದವರಿಗೆ ಆ್ಯಪೇ ವಾಟ್ಸಾಪ್ ಕಳಿಸುತ್ತದೆ. ಮೆಸೇಜಿನಲ್ಲಿ ‘ನಮ್ಮ ಪ್ರೀತಿಯ’ ಎಂಬುದರ ಮುಂದೆ ಅವರ ಸಂಬಂಧ ತಾನಾಗಿ ಬಂದು ಕೂರುತ್ತದೆ. ‘ನಮ್ಮ ಪ್ರೀತಿಯ ನೆರೆಯವರು ಆದ ತಮಗೆ’ ಎಂಬ ರೀತಿ. ಆ ಉಪಾಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ; ತಟ್ಟುವವರು ಬೇರೆ ಯಾರೂ ಇರಲಿಲ್ಲ.

ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಅಮ್ಮ ಒಂದು ಕಡೆ ‘ಚಿಕ್ಕಪ್ಪ’, ಇನ್ನೊಂದು ಕಡೆ ‘ಚಿಗಪ್ಪ’, ಮತ್ತೊಂದು ಕಡೆ ‘ಚಿಕ್ಕಪ್ನೋರು’ ಎಂದು ಬರೆದಿದ್ದಳು. ನನ್ನ ವೃತ್ತಿಯ ಕಣ್ಣಿಗೆ ಅದು ಕಸವಾಗಿ ಕಂಡಿತು. ಎಲ್ಲ ಚಿಗಪ್ಪಂದಿರನ್ನೂ ತಿದ್ದಿ ಚಿಕ್ಕಪ್ಪಂದಿರನ್ನಾಗಿ ಮಾಡಿದೆ. ಆಮೇಲೆ ಆ ಕಾಲಮ್ಮಿನ ಡೇಟಾ ಟೈಪನ್ನೇ ಬದಲಾಯಿಸಿದೆ. ಡೇಟಾ ಟೈಪ್ ಎಂದರೆ ಒಂದು ಡಬ್ಬಿಯಲ್ಲಿ ಏನಿಡಬೇಕೆಂಬ ಕಟ್ಟುಪಾಡು. ಅಲ್ಲಿಯವರೆಗೆ ಅದರಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಇನ್ನು ಮೇಲೆ ನಾನು ಕೊಟ್ಟ ಪಟ್ಟಿಯಿಂದ ಒಂದನ್ನು, ಒಂದೇ ಒಂದನ್ನು, ಆರಿಸಬೇಕು. ಒತ್ತುವ ಮುಂಚೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ಬಂತು. ಆ ವಾಕ್ಯ ಬರೆದವನೂ ನಾನೇ. ನಾನೇ ಬರೆದದ್ದನ್ನು ನಾನೇಕೆ ಓದಲಿ? ಮೊದಲ ಎರಡು ಪುಟಗಳ ಮೇಲೆ ಕಣ್ಣಾಡಿಸಿದೆ, ಎಲ್ಲ ಥಳಥಳ ಹೊಳೆಯುತ್ತಿತ್ತು. ಮೆಸೇಜು ಕಳಿಸುವ ಗುಂಡಿ ಒತ್ತಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪನ ಫೋನು ಸ್ಪೀಕರಿನಲ್ಲಿತ್ತು. ಅತ್ತೆಯ ದನಿ.

“ಅಣ್ಣಾ, ನಿನ್ನ ಮಗ ಒಂದು ಮೆಸೇಜು ಕಳಿಸವ್ನೆ. ಓದ್ತೀನಿ ಕೇಳು. ‘ನಮ್ಮ ಪ್ರೀತಿಯ.’ ಆಮೇಲೆ ಖಾಲಿ. ‘ಆದ ತಮಗೆ.’ ನಮ್ಮ ಬೀದಿ ಟೈಲರ್‌ಗೂ ಇದೇ ಬಂದೈತೆ. ಅವನಿಗೆ ‘ಪ್ರೀತಿಯ ಟೈಲರ್’ ಅಂತ ಹಾಕವ್ರೆ. ನಂಗೆ ಅಷ್ಟೂ ಇಲ್ವಾ?”

ಅಪ್ಪ ನನ್ನನ್ನು ನೋಡಿದರು. ನಾನು ಟವೆಲನ್ನು ನೋಡಿದೆ.

“ಲೇ ತಂಗಿ, ಅವನಿಗೇನೋ ತಪ್ಪಾಗೈತೆ...”

“ತಪ್ಪೇನಿಲ್ಲ ಬಿಡು. ಮೆಸೇಜಲ್ಲಿ ಕರದ್ರೆ ಮೆಸೇಜಲ್ಲೇ ಬರ್ತೀನಿ. ಅರಿಶಿನಾನೂ ಅದ್ರಲ್ಲೇ ಹಚ್ಚಿ ಕಳಿಸ್ತೀನಿ, ನಿನ್ನ ಮಗಳು ಒರೆಸ್ಕೊಳ್ಳಿ.”

ಫೋನು ಕಟ್ಟಾಯಿತು. ಒಳಗಿನಿಂದ ತಂಗಿ ಓಡಿಬಂದಳು. ನಮ್ಮ ಮನೆಯ ಪದ್ಧತಿಯಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚುವವಳು ಸೋದರತ್ತೆ. ಅವಳು ಮುಟ್ಟದೆ ಬೇರೆ ಯಾರೂ ಬಟ್ಟಲಿಗೆ ಕೈ ಹಾಕುವಂತಿಲ್ಲ. “ಅತ್ತೆ ಬರ್ಲಿಲ್ಲ ಅಂದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ ಕಣೋ,” ಎಂದಳು ತಂಗಿ. ಅವಳ ಕಣ್ಣಲ್ಲಿ ನೀರಿತ್ತು. ತಮಾಷೆ ಅಲ್ಲಿಗೆ ನಿಂತಿತು.

ಕಂಪ್ಯೂಟರ್ ತೆರೆದು ನೋಡಿದರೆ, ನಾಲ್ಕುನೂರು ಚಿಲ್ಲರೆ ಮನೆಗಳಲ್ಲಿ ಹನ್ನೊಂದು ಮನೆಗಳ ಸಂಬಂಧ ಮಾತ್ರ ಖಾಲಿ. ಗ್ಯಾಸ್ ತರುವವನು ಸುರಕ್ಷಿತ, ತಂಗಿಯ ಹಳೆಯ ಟ್ಯೂಷನ್ ಮೇಡಂ ಸುರಕ್ಷಿತ, ಅತ್ತೆ ಖಾಲಿ. ಮೊದಲು ಕನ್ನಡ ಅಕ್ಷರಗಳ ಮೇಲೆ ಅನುಮಾನಪಟ್ಟೆ. ಆಮೇಲೆ ನೆಟ್ಟಿನ ಮೇಲೆ. ಕೊನೆಗೆ, ನಮ್ಮ ಗಿರಾಕಿಗಳೆಲ್ಲ ಮಾಡುವಂತೆ, ಸಾಧನವನ್ನೇ ಬೈದು ನಮ್ಮದೇ ಕಂಪನಿಗೆ ಒಂದು ದೂರು ಬರೆದೆ. ಆ ದಿನದ ಪಾಳಿಯಲ್ಲಿದ್ದವನು ಪಕ್ಕದ ಸೀಟಿನ ಗೆಳೆಯ, ಫ್ರೇಜರ್ ಟೌನಿನವನು. ಐದು ನಿಮಿಷಕ್ಕೆ ಉತ್ತರ ಬಂತು: ಒಂದು ಲಿಂಕು. ತೆರೆದರೆ ‘ಡೇಟಾ ಇರುವ ಕಾಲಮ್ಮಿನ ಟೈಪ್ ಬದಲಾಯಿಸಬೇಡಿ, ಬದಲಾಯಿಸಲೇಬೇಕಾದರೆ ಮೊದಲು ಪ್ರತಿ ತೆಗೆದಿಟ್ಟುಕೊಳ್ಳಿ’ ಎಂಬ ಸಹಾಯ ಪುಟ. ಬರೆದದ್ದು ಯಾರು ಎಂದು ನಿಮಗೆ ಹೇಳಬೇಕಿಲ್ಲ.

ಫೋನು ಮಾಡಿ ಅತ್ತೆಯ ಸಿಟ್ಟಿನ ಕಥೆ ಹೇಳಿದೆ. ಅವನು ಮೊದಲು ಮನಸಾರೆ ನಕ್ಕ.

“ಗುರೂ, ಎಷ್ಟ್ ಚೆನ್ನಾಗ್ ಬರ್ದವ್ನೆ ನೋಡು ಯಾರೋ. ದಿನಾ ಹತ್ತು ಜನಕ್ಕೆ ಕಳಿಸ್ತೀನಿ.”

“ಸಾಕು ಮಗಾ. ಹಳೇದು ವಾಪಸ್ ಬರುತ್ತಾ ಹೇಳು.”

“ನಿನ್ನೆದು ಕಾಪಿ ಇದೆ, ತೆಗ್ದುಕೊಡ್ತೀನಿ. ಆದ್ರೆ ಕಳಿಸಿದ ಮೆಸೇಜು ವಾಪಸ್ ಬರಲ್ಲ. ಅದಕ್ಕೆ ಫೂಫಿ ಕಾಲ್ ಹಿಡೀಬೇಕು, ಬೇರೆ ದಾರಿ ಇಲ್ಲ.” ಅವರ ಮನೆಯಲ್ಲಿ ಅಪ್ಪನ ತಂಗಿಗೆ ಫೂಫಿ ಎನ್ನುತ್ತಾರೆ. ಆ ಬಗೆಯ ಸಿಟ್ಟು ಅವನಿಗೂ ಗೊತ್ತಿರುವಂತಿತ್ತು.

ಹಿಂದಿನ ದಿನದ ಪ್ರತಿ ಬಂತು. ಖಾಲಿಯಾಗಿದ್ದ ಹನ್ನೊಂದು ಕಡೆ ಅಮ್ಮ ಏನು ಬರೆದಿದ್ದಳೋ ಅದು ಮತ್ತೆ ಕಾಣಿಸಿತು. ನಾನು ದೀರ್ಘ ಸಂಶೋಧನೆಗೆ ಅಣಿಯಾಗುತ್ತಿದ್ದೆ. ಅಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದಳು. “‘ನಾದಿನಿನೂ ಹೌದು, ಅತ್ತಿಗೆನೂ ಹೌದು.’ ‘ಚಿಕ್ಕಮ್ಮನ ಮಗಳು, ಈಗ ವಾರಗಿತ್ತಿ.’ ‘ಅಕ್ಕನ ಮಗಳು, ತಮ್ಮನ ಹೆಂಡ್ತಿ.’ ಅಯ್ಯೋ ಮಂಕೇ, ಇವ್ರೆಲ್ಲಾ ಕೊಟ್ಟು ತಂದೋರು ಕಣೋ. ಒಂದು ಸಂಬಂಧ ಇರೋರನ್ನ ಉಳಿಸ್ಕೊಂಡು, ಎರಡು ಇರೋರನ್ನ ಅಳಿಸ್ಬಿಟ್ಟವ್ನೆ ನನ್ನ ಮಗ.”

ನಿಜ. ಪಟ್ಟಿಯಲ್ಲಿ ‘ಎರಡೂ ಹೌದು’ ಎಂಬ ಆಯ್ಕೆಯನ್ನೇ ನಾನು ಇಟ್ಟಿರಲಿಲ್ಲ. ಪಟ್ಟಿಗೆ ಸೇರದ್ದನ್ನೆಲ್ಲ ಆ್ಯಪ್ ಅಳಿಸಿ, ಸಂಬಂಧ ಖಾಲಿಯಾದವರನ್ನು ದೂರದವರೆಂದು ವಾಟ್ಸಾಪ್ ಗುಂಪಿಗೆ ತಳ್ಳಿತ್ತು. ಯಾರು ನಮಗೆ ಅತಿ ಹತ್ತಿರವೋ ಅವರನ್ನೇ ಹುಡುಕಿ ಹುಡುಕಿ ಹೊರಗೆ ಹಾಕುವ ಯಂತ್ರವೊಂದನ್ನು ನಾನು ಸ್ವಂತ ಬುದ್ಧಿಯಿಂದ ತಯಾರಿಸಿದ್ದೆ.

ಮರುದಿನ ಬೆಳಿಗ್ಗೆ ಅಮ್ಮನೂ ನಾನೂ ಮೆಟ್ರೋ ಹತ್ತಿದೆವು. ನಿಲ್ದಾಣದಲ್ಲಿ ನಮ್ಮ ಚೀಲ ತಪಾಸಣೆ ಮಾಡಿದ ಹೆಂಗಸು ಎಲೆ ಅಡಿಕೆ, ಕುಂಕುಮದ ಬಟ್ಟಲು ಕಂಡು, “ಹತ್ತಿರದೋರ್ನ ಮದುವೆಗೆ ಕರಿಯಕ್ಕಾ ಅಮ್ಮಾ?” ಎಂದಳು. ಒಂದು ನೋಟಕ್ಕೆ ಅವಳಿಗೆ ತಿಳಿದದ್ದು ನನ್ನ ಆ್ಯಪಿಗೆ ತಿಳಿಯಲಿಲ್ಲ.

ಹಲಸೂರಿನ ಮನೆಯಲ್ಲಿ ಮಾವ ದಿನಪತ್ರಿಕೆಯ ಹಿಂದೆ ಅವಿತುಕೊಂಡರು. ಅತ್ತೆ “ಬಾ ಅತ್ತಿಗೆ” ಎಂದು ಅಮ್ಮನಿಗೆ ಮಾತ್ರ ಹೇಳಿದಳು. ಅಮ್ಮನಿಗೆ ಕಾಫಿ ಬಂತು, ನನಗೆ ನೀರು.

“ಏನಪ್ಪಾ ಬರೀ ಬಾಯಿ, ಯಾಕೆ ಖಾಲಿ ಬಿಟ್ಟೆ?”

“ಅತ್ತೆ, ಈಗ ಸಾಸಿವೆ ಡಬ್ಬಿ ಅಂತ ಇಟ್ಕೋ. ಅದ್ರಲ್ಲಿ ಸಾಸಿವೆ ಜೀರಿಗೆ ಎರಡೂ ಬೆರೆತಿದ್ರೆ, ಆ ಯಂತ್ರ ಯಾವ್ದು ಅಂತ ತಿಳೀದೆ ಎರಡನ್ನೂ ಚೆಲ್ಬಿಡ್ತದೆ.”

“ಚೆಲ್ಲಿದ್ದು ಯಂತ್ರಾನೋ, ನೀನೋ?”

“ನಾನೇ.”

“ಹಂಗನ್ನು. ನಮ್ಮನೇಲಿ ಸಾಸಿವೆ ಜೀರಿಗೆ ಒಂದೇ ಡಬ್ಬೀಲೇ ಇರೋದು. ನೀನು ಇಲ್ಲಿ ತಿಂದ ಒಗ್ಗರಣೆ ಯಾವತ್ತಾದ್ರೂ ಕೆಟ್ಟಿತ್ತಾ?”

ಇಲ್ಲ ಎಂದೆ. ಪತ್ರಿಕೆ ಸಣ್ಣಗೆ ಅಲುಗಾಡಿತು, ಮಾವ ನಗುತ್ತಿದ್ದರು.

“ನಾನೊಬ್ಳೇ ಬರಾಕಿಲ್ಲ,” ಎಂದಳು ಅತ್ತೆ. “ಉಳಿದ ಹತ್ತು ಮನೆಯೋರೂ ನಂಗೇ ಫೋನ್ ಮಾಡಿ ಅತ್ತವ್ರೆ. ಒಬ್ಬೊಬ್ರ ಮನೆಗೂ ಹೋಗು. ನಿಮ್ಮಮ್ಮ ಕುಂಕುಮ ಕೊಡ್ಲಿ. ಅವ್ರು ನಿಂಗೆ ಏನೇನಾಗ್ಬೇಕು ಅಂತ ನೀನು ಬಾಯ್ಬಿಟ್ಟು ಹೇಳು. ಎರಡು ಇದ್ರೆ ಎರಡೂ ಹೇಳು. ಎಲ್ರೂ ಒಪ್ಪಿದ ದಿನ ನಾನು ಬರ್ತೀನಿ.”

ಹೋದೆ. ಬಾಣಸವಾಡಿ, ಇಂದಿರಾನಗರದ ಹಿಂಬದಿ, ಹೊರಮಾವು. ಬಾಗಿಲಲ್ಲಿ ನಿಂತು ಸಂಬಂಧಗಳನ್ನು ಮಗ್ಗಿಯಂತೆ ಒಪ್ಪಿಸಿದೆ. ಅತ್ತೆ ಮೊದಲೇ ಫೋನಿನಲ್ಲಿ ಹೇಳಿಕೊಟ್ಟಿದ್ದಳೇನೋ, ತಪ್ಪಿದ ಕಡೆಯಲ್ಲೆಲ್ಲ ಕಾಫಿಯ ಬದಲು ನೀರೇ ಬಂತು. ಎರಡು ಮನೆಗಳಲ್ಲಿ ನೀರು ಕುಡಿದು, ಮತ್ತೆ ಹೋಗಿ ಕಾಫಿ ಕುಡಿದೆ. ಆದರೆ ಎಲ್ಲರೂ ಒಪ್ಪಿದರೋ ಇಲ್ಲವೋ ಎಂದು ಯಾರೂ ಬಾಯಿ ಬಿಡಲಿಲ್ಲ. “ನೋಡಾಣ” ಎಂದರು, ಅಷ್ಟೇ.

ಚಪ್ಪರದ ದಿನ ಅರಿಶಿನದ ಬಟ್ಟಲು ಕಲಸಿಟ್ಟು ಒಂದು ಗಂಟೆಯಾಗಿತ್ತು. ಅಂಚು ಒಣಗಿ ಬಿರುಕು ಬಿಡುತ್ತಿತ್ತು. ತಂಗಿ ಹಸೆಮಣೆಯ ಪಕ್ಕದಲ್ಲಿ ನಿಂತೇ ಇದ್ದಳು. ಫೋಟೋದವನು ಎರಡು ಸಲ ಗಡಿಯಾರ ನೋಡಿದ. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಒಂದು ಟೆಂಪೋ ಟ್ರಾವೆಲರ್ ನಿಂತಿತು. ಮೊದಲು ಮಾವ ಇಳಿದರು, ಆಮೇಲೆ ಸೀರೆಗಳ ಒಂದು ಸಾಲೇ ಇಳಿಯಿತು, ಹನ್ನೊಂದು ಮನೆಯವರೂ. ಎಲ್ಲರನ್ನೂ ಗುಂಪು ಫೋಟೋಕ್ಕೆ ನಿಲ್ಲಿಸಲೆಂದು ಓಡಿದ ಫೋಟೋದವನು ಅತ್ತೆಯನ್ನು ಕೇಳಿದ: “ಅಮ್ಮಾ, ನೀವು ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?”

“ಎರಡೂ ಅಲ್ಲಪ್ಪ,” ಎಂದಳು ಅತ್ತೆ. “ನಾವು ಖಾಲಿ ಕಡೆಯೋರು.”

ಹಿಂದಿದ್ದವರೆಲ್ಲ ಹೋ ಎಂದು ನಕ್ಕರು. ಅಷ್ಟು ಹೊತ್ತು ಟೆಂಪೋದಲ್ಲಿ ಅದನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದರೆಂದು ಆಮೇಲೆ ತಿಳಿಯಿತು.

ಅತ್ತೆ ಬಟ್ಟಲಿಗೆ ಚೂರು ನೀರು ಬೆರೆಸಿ ತಂಗಿಯನ್ನು ಕೂರಿಸಿದಳು. ಕೆನ್ನೆಗೆ, ಕೈಗೆ, ಪಾದಕ್ಕೆ ಮೊದಲ ಅರಿಶಿನ ಹಚ್ಚಿದಳು. ತಂಗಿ ನಗುತ್ತಲೇ ಅಳುತ್ತಿದ್ದಳು. ನಾನು ಮೆಲ್ಲಗೆ ಕಂಬದ ಮರೆಗೆ ಸರಿಯುತ್ತಿದ್ದೆ.

“ಎಲ್ಲಿ ಹೋಗ್ತೀಯ, ಬಾ ಇಲ್ಲಿ,” ಎಂದು ನನ್ನ ಗದ್ದ ಹಿಡಿದು ಎಳೆದಳು. ಬಟ್ಟಲಿನಲ್ಲಿ ಉಳಿದದ್ದನ್ನು ಅಂಗೈಗೆ ಬಳಿದುಕೊಂಡು ನನ್ನ ಎರಡು ಕೆನ್ನೆಗೂ ಮೆತ್ತಿದಳು. “ಖಾಲಿ ಬಿಡಬಾರ್ದು ಕಣಪ್ಪ.”