ಸುಧಾ ಹೊಡೆದ ಚೆಂಡು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಜರಡಿಯನ್ನು ಹದಿನಾಲ್ಕು ವರ್ಷ ಹಿಡಿದ ಸುಧಾಳ ಅಂಗೈ ಎಷ್ಟು ಗಟ್ಟಿಯಾಗಿತ್ತೆಂದರೆ, ಅವಳು ಒಮ್ಮೆ ಚಪ್ಪಾಳೆ ತಟ್ಟಿದ್ದಕ್ಕೆ ಹರಿಹರದ ಸೇತುವೆ ಮೇಲಿದ್ದ ಲಾರಿಯವರು ಟಯರ್ ಸಿಡಿಯಿತೆಂದು ಇಳಿದು ನೋಡಿದರಂತೆ. ನಂಬದವರು ಆ ಲಾರಿಯವರನ್ನೇ ಹುಡುಕಿ ಕೇಳಬಹುದು.

ಇಂಥ ಕೈಗೆ ತಕ್ಕ ಆಟವೊಂದು ಊರಿಗೆ ಬಂತು. ಬೇಸ್‌ಬಾಲ್ ಫೈವ್ ಎಂದು ಹೆಸರು. ಬ್ಯಾಟಿಲ್ಲ, ಗ್ಲೌಸಿಲ್ಲ, ಚೆಂಡೆಸೆಯುವವನೂ ಇಲ್ಲ. ರಬ್ಬರ್ ಚೆಂಡನ್ನು ತಾನೇ ಹಿಡಿದು, ತಾನೇ ಅಂಗೈಯಿಂದ ಬಾರಿಸಿ, ಮೂರು ಮೂಲೆ ಮುಟ್ಟಿ ಹೊರಟಲ್ಲಿಗೇ ಬಂದರೆ ಒಂದು ರನ್. ಐದೈದು ಜನ, ಐದು ಸರದಿ. ಮೂರು ಜನ ಔಟಾದರೆ ಸರದಿ ಮುಗಿಯಿತು. ನೋಡುವವನು ಸೀನಿ ಕಣ್ಣು ಬಿಡುವುದರೊಳಗೆ ಪಂದ್ಯವೇ ಮುಗಿದಿರುತ್ತದೆ. ಮತ್ತೆ, ಐವರಲ್ಲಿ ಇಬ್ಬರಾದರೂ ಹೆಂಗಸರಿರಬೇಕು.

ಈ ಕೊನೆಯ ನಿಯಮವೇ ಕೆ.ಬಿ. ಬಡಾವಣೆ ತಂಡದ ಕೋಚ್ ಪ್ರಶಾಂತನನ್ನು ಭಟ್ಟಿಗೆ ಅಟ್ಟಿದ್ದು.

"ಸುನೀತಾ ಒಬ್ರು ಸಿಕ್ಕಾರೆ, ಇನ್ನೊಬ್ರು ಕಮ್ಮಿ. ಸುಮ್ನೆ ಬಂದು ನಿಂತ್ರೆ ಸಾಕಮ್ಮ."

"ನಿಲ್ಲೋಕೆ ಅಲ್ಲಿಗ್ಯಾಕ ಸರ್? ಇಲ್ಲೇ ದಿನಾ ನಿಂತಿರ್ತೀನಿ."

ಆದರೂ ಹೋದಳು. ಮಾಯಕೊಂಡದ ಶಾಲೆಯಲ್ಲಿ ಖೊಖೊ ಆಡುತ್ತಿದ್ದಾಗ ಅವಳ ಹೆಸರು ಜಿಲ್ಲಾ ತಂಡಕ್ಕೆ ಬಂದ ವಾರವೇ ಮನೆಯಲ್ಲಿ ಗಂಡು ಗೊತ್ತು ಮಾಡಿದ್ದರು. ಈಗ ಹರಿಹರದಲ್ಲಿ ನಡೆಯುವ ಪಂದ್ಯಾವಳಿ ಗೆದ್ದರೆ, ಗೆದ್ದ ತಂಡದ ಕೋಚೇ ಜಿಲ್ಲಾ ತಂಡ ಆರಿಸುತ್ತಾನೆ. ಅಂದು ತಪ್ಪಿದ್ದು ಇಂದು ಸಿಗಲೇಬೇಕೆಂದು ಸುಧಾ ನಿಯಮದ ಹಾಳೆಯನ್ನು ಬಾಯಿಪಾಠ ಮಾಡಿದಳು. ಪ್ರಶಾಂತ ತನ್ನ ಪಾಲಿನ ಹಾಳೆಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ತಿಂದಿದ್ದ.

ಫೈನಲ್‌ನ ಕೊನೆಯ ಸರದಿ, ಎರಡೂ ಕಡೆ ರನ್ ಸಮ. ಸುನೀತಾ ಮೂರನೆಯ ಮೂಲೆಯಲ್ಲಿದ್ದಳು, ಚೆಂಡು ಸುಧಾಳ ಕೈಯಲ್ಲಿತ್ತು. ಹುಟ್ಟಿದಾಗಿನಿಂದ ಕ್ರಿಕೆಟ್ಟನ್ನೇ ಉಸಿರಾಡಿದ ಪ್ರಶಾಂತ ಕೂಗಿದ, "ಎತ್ತಿ ಹೊಡಿ. ಬೇಲಿ ದಾಟ್ಸು."

"ಬೇಲಿ ದಾಟಿದ್ರೆ ಔಟು ಸರ್. ನೆಲಕ್ಕೆ ಪುಟಿಸಿ ಹೊಡೀಬೇಕು."

"ನಂಗೇ ಹೇಳ್ಕೊಡ್ತೀಯಾ? ಹೇಳಿದಷ್ಟು ಮಾಡು."

ಅಂಪೈರ್ ಹಯಾತ್ ಸಾಬ್ ಮೀಸೆ ಒರೆಸುವ ನೆಪದಲ್ಲಿ ನಕ್ಕರು. ನೋಡುತ್ತಿದ್ದವರು ನೆಪವಿಲ್ಲದೆ ನಕ್ಕರು.

ಸುಧಾ ನೆಲಕ್ಕೇ ಹೊಡೆದಳು. ಚೆಂಡು ಎದುರಾಳಿಗಳಿಬ್ಬರ ನಡುವೆ ನುಗ್ಗಿದ ರಭಸಕ್ಕೆ ಒಬ್ಬನ ತಲೆಯೊಳಗಿನ ಪಂಚಾಂಗವೇ ತಿರುಗಿ, ಇವತ್ತಿಗೂ ಅವನಿಗೆ ಸೋಮವಾರವೆಂದರೆ ಭಾನುವಾರವಂತೆ. ಸುನೀತಾ ಓಡಿ ಬಂದಳು, ತಂಡ ಗೆದ್ದಿತು.

ಮೂರನೆಯ ದಿನ ಜಿಲ್ಲಾ ತಂಡದ ಪಟ್ಟಿ ಬಂತು. ಸುಧಾಳ ಜಾಗದಲ್ಲಿ ಕೃತಿಕಾ, ಪ್ರಶಾಂತನ ಭಾಮೈದನ ಮಗಳು, ಚೆಂಡು ಕಂಡರೆ ಕಣ್ಣು ಮುಚ್ಚುವವಳು.

"ಗೆದ್ದದ್ದು ಯಾರ ಕೈಯಿಂದ ಸರ್?"

"ಕೈ ಇದ್ರೆ ಆಯ್ತೇನಮ್ಮ, ಶಿಸ್ತು ಬ್ಯಾಡ? ಅಷ್ಟು ಜನರ ಮುಂದೆ ಕೋಚ್‌ಗೆ ಎದುರಾಡಿದ್ರೆ ಹೆಂಗೆ? ಇಬ್ರು ಹೆಂಗಸ್ರು ಇರ್ಬೇಕು ಅಂತ ನಿಯಮ ಐತೆ, ಇಬ್ರು ಅದಾರೆ. ಯಾರು ಅಂತ ಬರ್ದಿಲ್ಲ."

ಸುಧಾ ಪಕ್ಕದಲ್ಲಿದ್ದ ಹಯಾತ್ ಸಾಬರ ಮುಖ ನೋಡಿದಳು.

"ಗೆರೆ ಒಳಗೆ ನಡೆಯೋದು ಅಷ್ಟೇ ನನ್ ಕೈಯಾಗೈತಮ್ಮ," ಎಂದು ಅವರು ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಕಾಲಲ್ಲೇ ಇತ್ತು.

ಹೊರಟವಳನ್ನು ಪ್ರಶಾಂತ ಕರೆದ. "ತಂಡದ ಆ ಟೀ ಷರ್ಟ್ ತೊಳ್ದು ಕೊಡಮ್ಮ. ಕೃತಿಕಾಗೆ ಹೊಸದು ಹೊಲ್ಸಾಕೆ ಟೈಮಿಲ್ಲ."

ಸುಧಾ ಮರುದಿನವೇ ತಂದುಕೊಟ್ಟಳು. ಹರಿಹರದ ಮೈದಾನದ ಕೆಂಪು ಮೂರು ನೀರಿಗೂ ಬಿಟ್ಟಿರಲಿಲ್ಲ. ನಾಲ್ಕನೆಯ ನೀರು ಅವಳು ಹಾಕಲಿಲ್ಲ.