ಷಡ್ಡಕನ ಬಾಗಿಲಲ್ಲಿ ನನ್ನ ಕಾರು

ನನ್ನ ಹೆಂಡತಿಯ ತಂಗಿಯ ಗಂಡ ಆ ಕಾರು ಕೊಂಡ ಸುದ್ದಿ ನನಗೆ ಗೊತ್ತಾದದ್ದು ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ, ಬೆಳಗಿನ ಕಾಫಿಯ ಹೊತ್ತಿಗೆ. ಫೋಟೋದಲ್ಲಿ ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ, ಕುಂಕುಮದ ಸ್ವಸ್ತಿಕ, ಚಕ್ರಗಳ ಕೆಳಗೆ ನಿಂಬೆಹಣ್ಣು. ಪಕ್ಕದಲ್ಲಿ ನನ್ನ ಷಡ್ಡಕ, ಹೋಟೆಲಿನ ಗಲ್ಲಾದಿಂದ ಆಗಷ್ಟೇ ಎದ್ದು ಬಂದವನ ಹಾಗೆ ಅರ್ಧ ತೋಳಿನ ಬಿಳಿ ಶರ್ಟಿನಲ್ಲಿ ನಿಂತಿದ್ದ. ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ರೀ, ನಿಮ್ಮ ಕಾರು" ಅಂದಳು.

ತಮಾಷೆಗೆ ಹೇಳಿದ್ದಲ್ಲ. ನಮ್ಮ ಎರಡೂ ಮನೆಗಳಲ್ಲಿ ಆ ಕಾರಿಗೆ ಇದ್ದ ಹೆಸರೇ ಅದು. ಹಬ್ಬದೂಟ ಮುಗಿಸಿ ದಿಲ್ಲಿಯ ದ್ವಾರಕಾದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವಾಗ ನಾನು ಆ ಕಾರಿನ ವಿಷಯ ಎತ್ತುವುದು, ಅಕ್ಕ ತಂಗಿಯರು ಮುಖ ಮುಖ ನೋಡಿಕೊಂಡು ಒಳಗೆ ಹೋಗುವುದು, ಷಡ್ಡಕನೊಬ್ಬನೇ ಕೂತು ಕೇಳುವುದು, ಇದು ವರ್ಷಗಳಿಂದ ನಡೆದುಬಂದ ಪದ್ಧತಿ. ಅವನ ಮಗಳು ಫೋಟೋದ ಕೆಳಗೆ ಬೇರೆ ವಾಯ್ಸ್ ಮೆಸೇಜ್ ಹಾಕಿದ್ದಳು: "ದೊಡ್ಡಪ್ಪಾ, ಆಪ್‌ಕೀ ಕಾರ್ ಆ ಗಯೀ. ನೀವು ಯಾವಾಗ ಬರ್ತೀರಾ ನೋಡೋಕೆ?" ನಾನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಫೋನನ್ನು ಮಗುಚಿಟ್ಟೆ. ಕಾಫಿ ಆರಿಹೋಗಿತ್ತು.

ಆ ಕಾರು ಎಂಥದ್ದು ಎಂದು ಹೇಳದಿದ್ದರೆ ನನ್ನ ಹೊಟ್ಟೆಯುರಿ ಯಾರಿಗೂ ಅರ್ಥವಾಗುವುದಿಲ್ಲ. ನೋಡಲಿಕ್ಕೆ ಅದು ನಾಲ್ಕು ಬಾಗಿಲಿನ ಸಾಮಾನ್ಯ ಸೆಡಾನ್. ಅದೇ ಮೈಕಟ್ಟಿನ ಸಾದಾ ಕಾರುಗಳು ದಿಲ್ಲಿಯ ತುಂಬ ಓಡಾಡುತ್ತವೆ. ಇದರ ಬಾನೆಟ್ಟಿನ ಒಳಗೆ ಮಾತ್ರ ಬೇರೆಯದೇ ಎಂಜಿನ್ನು. ಗೇರನ್ನು ಇವತ್ತಿಗೂ ಕೈಯಿಂದಲೇ ಹಾಕಬೇಕು. ಹೊರಗಿನಿಂದ ಗೊತ್ತಾಗುವುದು ಹಿಂಬದಿಯ ಮೂಲೆಯಲ್ಲಿರುವ ಉಗುರಿನಷ್ಟು ಕೆಂಪು ಗುರುತಿನಿಂದ, ಅದೂ ಬಲ್ಲವರಿಗೆ. ಕಂಪನಿಯವರು ಆಗೊಮ್ಮೆ ಈಗೊಮ್ಮೆ ಹೊರದೇಶದಿಂದ ಸ್ವಲ್ಪವೇ ತರಿಸುತ್ತಾರೆ, ಆಸೆಪಟ್ಟವರು ಮುಗಿಬಿದ್ದು ಬುಕ್ ಮಾಡುತ್ತಾರೆ, ಮತ್ತೆ ವರ್ಷಗಟ್ಟಲೆ ಸುದ್ದಿಯಿಲ್ಲ.

ಈ ಊರಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡಿದವನು ಲಾರಿಯಷ್ಟು ಎತ್ತರದ ಬಿಳಿ ಗಾಡಿ ತಗೊಂಡು, ಗಾಜಿಗೆ ಕಪ್ಪು ಹಾಳೆ ಅಂಟಿಸಿ, ಹಿಂದೆ ತನ್ನ ಜಾತಿಯ ಹೆಸರು ಬರೆಸಿ, ಹಾರ್ನ್ ಒತ್ತಿಕೊಂಡು ಹೋಗುತ್ತಾನೆ. ಈ ಸೆಡಾನ್ ಕೊಳ್ಳುವವನು ಆ ಪೈಕಿಯಲ್ಲ. ಅವನಿಗೆ ಐವತ್ತರ ಆಸುಪಾಸು. ಓದಿದವನು, ಕನ್ನಡಕ ಇರುತ್ತದೆ. ಹೆಂಡತಿ ಮಕ್ಕಳು, ಸ್ಟೇಷನ್ನಿನಿಂದ ಕರೆತರಬೇಕಾದ ಅತ್ತೆ ಮಾವ ಇರುವುದರಿಂದ ನಾಲ್ಕು ಬಾಗಿಲು ಬೇಕು, ಎಂಜಿನ್ನು ಮಾತ್ರ ತನಗಾಗಿ. ಸಿಗ್ನಲ್ಲಿನಲ್ಲಿ ಪಕ್ಕದವನಿಗೆ ತನ್ನ ಗಾಡಿ ಏನೆಂದು ತಿಳಿಯದಿದ್ದರೆ ಅವನಿಗೆ ಖುಷಿ. ತೋರಿಸಿಕೊಳ್ಳಲು ಏನೂ ಬೇಡದವನು ಕೊಳ್ಳುವ ಕಾರು ಅದು ಎಂದು ನಾನು ಬಾಲ್ಕನಿಯಲ್ಲಿ ಹೇಳುತ್ತಿದ್ದೆ. ಸಚಿವಾಲಯದ ಕಡತಗಳ ನಡುವೆ ಕೂದಲು ಉದುರಿಸಿಕೊಂಡ ನಾನು ಯಾರನ್ನು ವರ್ಣಿಸುತ್ತಿದ್ದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಯಾಕೆ ಕೊಳ್ಳಲಿಲ್ಲ ಎಂದು ಕೇಳುವವರಿದ್ದಾರೆ. ಒಂದು ಸಲ ಮಗಳ ಬೋರ್ಡ್ ಪರೀಕ್ಷೆ ಅಡ್ಡ ಬಂತು. ಒಂದು ಸಲ ಸೊಸೈಟಿಯ ಪಾರ್ಕಿಂಗ್ ಇಕ್ಕಟ್ಟೆನಿಸಿತು. ಇನ್ನೊಂದು ಸಲ, ಚಳಿಗಾಲದ ಹೊಗೆ ಮುಸುಕಿದಾಗ ಸರ್ಕಾರ ಯಾವ ಗಾಡಿಯನ್ನು ರಸ್ತೆಗಿಳಿಸಬೇಡ ಎನ್ನುತ್ತದೋ ಎಂಬ ಅನುಮಾನ. ಮುಂದಿನ ಮಾಡೆಲ್ ಇನ್ನೂ ಚೆನ್ನಾಗಿರುತ್ತದೆ ಎಂದು ಕಾದದ್ದೂ ಉಂಟು. ಅಷ್ಟರಲ್ಲಿ ಆಫೀಸಿಗೆ ಮೆಟ್ರೊ, ತರಕಾರಿಗೆ ಒಂದು ಪುಟ್ಟ ಆಟೊಮ್ಯಾಟಿಕ್ ಕಾರು ಎಂದು ನನ್ನ ಬದುಕು ಹೊಂದಿಕೊಂಡುಬಿಟ್ಟಿತ್ತು. ಕಾರು ಕೊಳ್ಳಲಿ ಬಿಡಲಿ, ಅದನ್ನು ಕೊಳ್ಳಬೇಕಾದ ಮನುಷ್ಯ ನಾನೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಈಗ ಅದನ್ನೇ ಒಬ್ಬ ಎತ್ತಿಕೊಂಡು ಹೋಗಿದ್ದ.

ಷಡ್ಡಕನದು ಘಾಜಿಯಾಬಾದಿನಲ್ಲಿ ಹೋಟೆಲು. ಕುಂದಾಪುರದ ಕಡೆಯಿಂದ ಬಂದು, ಸಂಬಂಧಿಕರ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಪ್ಲೈ ಮಾಡಿ, ಕೊನೆಗೆ ಸ್ವಂತದ್ದು ಮಾಡಿಕೊಂಡವನು. ಒಳ್ಳೆಯವನು, ಅದೇ ತಾಪತ್ರಯ. ಕೆಟ್ಟವನಾಗಿದ್ದರೆ ನೆಮ್ಮದಿಯಾಗಿ ಬೈದುಕೊಂಡಿರಬಹುದಿತ್ತು. ಅವನು ಆ ಕಾರಿನ ಸೀಟುಗಳ ಪ್ಲಾಸ್ಟಿಕ್ ಕವರ್ ತೆಗೆದಿರಲಿಲ್ಲ. ಡಿಕ್ಕಿಯಲ್ಲಿ ಬಾಳೆಎಲೆ, ತೆಂಗಿನಕಾಯಿ, ಕರಿಬೇವಿನ ಕಟ್ಟು ತರುತ್ತಿದ್ದ. ಅಂಥ ಎಂಜಿನ್ನಿನ ಹಿಂದೆ ಕರಿಬೇವು. ಮೊದಲ ಸಲ ಡಿಕ್ಕಿ ತೆರೆದು ತೋರಿಸಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಬಂದಾಗಲೆಲ್ಲ, "ಭಾವ, ಒಂದು ರೌಂಡ್ ಹೋಗಿ ಬನ್ನಿ" ಎಂದು ಕೀ ಚಾಚುತ್ತಿದ್ದ. ನಾನು ಬಿಪಿ, ಟ್ರಾಫಿಕ್ಕು, ಊಟದ ಹೊತ್ತು ಎಂದು ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನನ್ನ ಕಾರಿನಲ್ಲಿ ನಾನು ನೆಂಟನ ಹಾಗೆ ಕೂರಬೇಕೆ?

ಒಂದು ಶನಿವಾರ ಅವನ ಫೋನು ಬಂತು.

"ಭಾವ, ಈ ಕಾರಿನವರದ್ದು ಒಂದು ಗ್ರೂಪ್ ಉಂಟು. ನಾಳೆ ಬೆಳಿಗ್ಗೆ ಗುರುಗ್ರಾಮದ ಆಚೆ ಢಾಬಾದಲ್ಲಿ ಸೇರ್ತಾರಂತೆ. ನಂಗೆ ಅಲ್ಲಿ ಏನು ಮಾತಾಡೋದು ಅಂತಲೇ ಗೊತ್ತಿಲ್ಲ ಮಾರಾಯ್ರೆ. ನೀವು ಬಂದ್ರೆ ಧೈರ್ಯ."

ಹೋಗಬಾರದು ಅಂದುಕೊಂಡೆ. ಆದರೆ ಆ ಕಾರು ಕೊಳ್ಳುವವರನ್ನು ಒಟ್ಟಿಗೆ ನೋಡುವ ಆಸೆ ತಡೆಯಲಾಗಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅವನ ಕಾರಿನಲ್ಲೇ ಹೊರಟೆ. ದಾರಿಯುದ್ದಕ್ಕೂ ರಸ್ತೆ ಕೆಲಸ, ಕಾರು ತೆವಳಿಕೊಂಡೇ ಹೋಯಿತು.

ಢಾಬಾದ ಮುಂದೆ ಆ ಕಾರುಗಳೇ ಸಾಲಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲಿದ್ದವರನ್ನು ಕಂಡು ನನಗೆ ಕನ್ನಡಿಯ ಅಂಗಡಿಗೆ ಹೊಕ್ಕ ಹಾಗಾಯಿತು. ರೋಹಿಣಿ ಬಡಾವಣೆಯ ಕಣ್ಣಿನ ಡಾಕ್ಟರು, ಒಬ್ಬ ಆಡಿಟರು, ಒಬ್ಬ ಪ್ರೊಫೆಸರು. ಎಲ್ಲರಿಗೂ ಕನ್ನಡಕ, ಹಿಂದೆ ಸರಿದ ಕೂದಲು, ಮೆಲುದನಿ. ನಾನು ಬಾಲ್ಕನಿಯಲ್ಲಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಹಣೆಗೆ ಕುಂಕುಮ, ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ಷಡ್ಡಕ ಇಳಿದವನೇ ಒಂದು ಬಟ್ಟೆ ತೆಗೆದು ಗಾಜು ಒರೆಸತೊಡಗಿದ. ಕೊಳಕಾದ ಯಾವುದೇ ಮೇಲ್ಮೈ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಆಮೇಲೆ, ಚಹಾ ಬರುವುದು ತಡವಾಯಿತೆಂದು ತಾನೇ ಢಾಬಾದ ಒಳಗೆ ಹೋಗಿ, ಬೆರಳುಗಳ ಸಂದಿಯಲ್ಲಿ ಗ್ಲಾಸುಗಳನ್ನು ಸಿಕ್ಕಿಸಿಕೊಂಡು ಬಂದು ಎಲ್ಲರ ಮುಂದೆ ಇಟ್ಟ. ಹೋಟೆಲಿನವನಿಗೆ ಎದುರಿಗಿರುವವರು ಖಾಲಿ ಕೈಯಲ್ಲಿ ಕೂತಿದ್ದರೆ ಕಸಿವಿಸಿ. ಅದು ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಡಾಕ್ಟರು ನೇರ ನನ್ನ ಬಳಿ ಬಂದು ಕೈ ಕುಲುಕಿ, "ಗಾಡಿ ಕಬ್ ಲೀ, ಸರ್?" ಅಂದರು.

ಗಾಡಿ ಕೊಂಡು ಎರಡು ತಿಂಗಳಾಗಿತ್ತು. ಎರಡು ತಿಂಗಳು ಎಂದೆ. ಅದರಲ್ಲಿ ಸುಳ್ಳೇನಿದೆ?

ಯಾಕೆ ಇದನ್ನೇ ಕೊಂಡಿರಿ ಎಂದು ಪ್ರೊಫೆಸರು ಕೇಳಿದರು. ಅಷ್ಟು ವರ್ಷ ಎಲೆ ಅಡಿಕೆಯ ಜೊತೆ ಅರೆದು ನುಣ್ಣಗೆ ಮಾಡಿದ ಮಾತುಗಳನ್ನು ನಾನು ಹಿಂದಿಯಲ್ಲಿ ಹೇಳಿದೆ. ನಾಲ್ಕು ಬಾಗಿಲು ಮನೆಯವರಿಗೆ, ಎಂಜಿನ್ನು ನನಗೆ. ತೋರಿಸಿಕೊಳ್ಳಲು ಏನೂ ಬೇಡದವನ ಕಾರು. ಎಲ್ಲರೂ ತಲೆದೂಗಿದರು. ಆಡಿಟರು ಎರಡನೆಯ ಮಾತನ್ನು ತಮ್ಮಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡು, ಷಡ್ಡಕನ ಕಡೆ ತಿರುಗಿ, "ಭಯ್ಯಾ, ಏಕ್ ಚಾಯ್ ಔರ್" ಅಂದರು. ಷಡ್ಡಕ ನನ್ನ ಮುಖ ನೋಡಿದ, ತುಟಿಪಿಟಕ್ಕೆನ್ನದೆ ಹೋಗಿ ಚಹಾ ತಂದ. ನಾನೂ ಸುಮ್ಮನೆ ಗ್ಲಾಸೆತ್ತಿ ಕುಡಿದೆ. ಅಷ್ಟು ರುಚಿಯಾದ ಚಹಾ ದಿಲ್ಲಿಯಲ್ಲಿ ಮತ್ತೆಲ್ಲೂ ಸಿಕ್ಕಿಲ್ಲ.

ಆ ಸುಖ ಬಹಳ ಹೊತ್ತು ಉಳಿಯಲಿಲ್ಲ. ಹೊಸ ಮಾಡೆಲ್ ಹೇಗೆ ಓಡುತ್ತದೆ ನೋಡಬೇಕು, ಒಂದು ಚಕ್ಕರ್ ಹೊಡೆಸಿ ಎಂದು ಡಾಕ್ಟರು ಬೆನ್ನು ಹತ್ತಿದರು. ಎಲ್ಲರೂ ನೋಡುತ್ತಿದ್ದರು. ಹೋಗಿ ಸ್ಟಿಯರಿಂಗ್ ಮುಂದೆ ಕೂತೆ. ಕಾರಿನ ತುಂಬ ಕರಿಬೇವಿನ ವಾಸನೆ. ನನ್ನ ಎಡಗಾಲು ಕ್ಲಚ್ ತುಳಿದು ಎಷ್ಟೋ ವರ್ಷವಾಗಿತ್ತು. ಆ ಕಾರಿನ ವಿಷಯ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಅದನ್ನು ಜಾಗ ಬಿಟ್ಟು ಕದಲಿಸುವುದೊಂದನ್ನು ಬಿಟ್ಟು. ಈಗ ಇದು ಗಕ್ಕೆಂದು ನಿಂತರೆ, ಇಷ್ಟು ಜನರೆದುರು ನಾನು ಯಾರೆಂದು ಬಯಲಾಗುತ್ತದೆ.

ಷಡ್ಡಕ ಬಾಗಿಲ ಬಳಿ ಬಂದು ನಿಂತ. ಸಾಹೇಬರಿಗೆ ಬೆಳಿಗ್ಗೆಯಿಂದ ಮಂಡಿ ನೋವು, ಇವತ್ತು ತಾನೇ ಓಡಿಸುತ್ತೇನೆ ಎಂದು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದ. ಸಾಹೇಬರು ಅಂದ, ಭಾವ ಅನ್ನಲಿಲ್ಲ. ನಾನು ಇಳಿದು ಸಾಹೇಬರು ಕೂರುವ ಹಿಂದಿನ ಸೀಟಿನಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ಕೂತೆ.

ಅವನು ಓಡಿಸಿದ. ಚೆನ್ನಾಗಿ ಓಡಿಸಿದ ಎಂದು ಬರೆಯಲು ಈಗಲೂ ನನಗೆ ಸಂಕಟ. ಗೇರುಗಳು ಅವನ ಕೈಗೆ ಬೆಣ್ಣೆಯ ಹಾಗೆ ಬಂದವು. ಹೆದ್ದಾರಿಗೆ ಏರಿದ ಕೂಡಲೇ ಎಂಜಿನ್ನಿನ ದನಿ ಬದಲಾಯಿತು. ಆ ದನಿಯನ್ನು ನಾನು ಫೋನಿನ ವಿಡಿಯೋಗಳಲ್ಲಿ ನೂರಾರು ಸಲ ಕೇಳಿದ್ದೆ. ಅದು ಬೆನ್ನಿಗೆ ತಾಗುತ್ತದೆ ಎಂದು ಯಾವ ವಿಡಿಯೋದಲ್ಲೂ ಇರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಡಾಕ್ಟರು ಹಿಂದೆ ತಿರುಗಿ, ನಿಮ್ಮ ಡ್ರೈವರ್ ಬಹಳ ಅಚ್ಛಾ ಇದ್ದಾನೆ, ಬಿಡಬೇಡಿ ಅಂದರು. ನಾನು ಇಂಗು ತಿಂದ ಮಂಗನ ಹಾಗೆ ನಕ್ಕೆ. ಹೊಟ್ಟೆಕಿಚ್ಚು ಅಂದರೆ ಎದೆಯ ಕೆಳಗೆ ನಿಜವಾಗಿ ಬಿಸಿಯಾಗುತ್ತದೆ. ನನಗೆ ಆಯಿತು.

ವಾಪಸು ಬರುವಾಗ ನಾವಿಬ್ಬರೇ. ಈ ಸಲ ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಗುರುಗ್ರಾಮ ದಾಟಿದ ಮೇಲೆ ನಾನೇ ಕೇಳಿದೆ.

"ಕಾರು ನಂದು ಅಂತ ಯಾಕೆ ಹೇಳಲಿಲ್ಲ ನೀನು?"

"ನೀವು ಅಷ್ಟು ಚೆಂದ ಮಾತಾಡ್ತಾ ಇದ್ರಿ. ಮಧ್ಯೆ ಬಾಯಿ ಹಾಕೋದು ಹೇಗೆ ಭಾವ?"

"ಅದು ಬಿಡು. ಇದನ್ನ ಯಾಕೆ ತಗೊಂಡೆ? ದೊಡ್ಡ ಗಾಡಿ ತಗೋಬಹುದಿತ್ತಲ್ಲ, ಹೋಟೆಲ್ ಸಾಮಾನಿಗೆ."

ಅವನು ರಸ್ತೆ ನೋಡುತ್ತಲೇ ಹೇಳಿದ: "ಮದುವೆಯಾದ ಮೊದಲನೇ ದೀಪಾವಳಿಗೆ ನಿಮ್ಮ ಮನೆಗೆ ಬಂದಿದ್ದೆ, ನೆನಪುಂಟಾ? ಊರಿಗೆ ಹೋಗ್ಲಿಕ್ಕೆ ರಜೆ ಸಿಕ್ಕಿರ್ಲಿಲ್ಲ, ಅಕ್ಕನೇ ಕರೆದು ಎಣ್ಣೆ ಶಾಸ್ತ್ರ ಮಾಡಿದ್ರು. ಮಾವ ಕೊಟ್ಟ ಉಂಗುರ, ಹೊಸ ವಾಚು, ಸೆಂಟು, ಎಲ್ಲ ಹಾಕ್ಕೊಂಡು ಬಂದಿದ್ದೆ, ನಿಮಗೆ ತೋರಿಸ್ಲಿಕ್ಕೆ. ನೀವು ಹಳೇ ಪಂಚೆ ಉಟ್ಕೊಂಡು ಬಾಲ್ಕನೀಲಿ ಕೂತು, ತೋರಿಸ್ಕೊಳ್ಳೋಕೆ ಏನೂ ಬೇಡದವನ ಕಾರು ಅಂದ್ರಿ. ನಿಮ್ಮನ್ನ ಕಂಡು ನಂಗೆ ಹೊಟ್ಟೆಕಿಚ್ಚಾಯ್ತು ಭಾವ. ಆವತ್ತಿಂದ ತಲೇಲಿ ಇದೇ."

ಅವನೇ ಮುಂದುವರಿಸಿದ.

"ನೀವು ದೊಡ್ಡಳಿಯ. ನಿಮಗಿಂತ ಮೊದಲು ನಾನು ತಗೊಳ್ಳೋದು ಸರಿಯಲ್ಲ ಅಲ್ವಾ? ಅದಕ್ಕೆ ಬುಕ್ ಮಾಡೋ ಮೊದಲು ಅಕ್ಕನಿಗೆ ಫೋನ್ ಮಾಡಿ ಕೇಳ್ದೆ, ಭಾವ ಈ ಸಲ ತಗೊಳ್ತಾರಾ ಅಂತ."

"ಏನಂದ್ಲು?"

ಅವನು ಗೇರು ಬದಲಿಸಿದ. "ಅವರು ತಗೊಳ್ಳಲ್ಲ, ಅವರಿಗೆ ಮಾತಾಡಿದ್ರೆ ಸಾಕು, ನೀವು ತಗೊಳ್ಳಿ ಅಂದ್ರು."

ದ್ವಾರಕಾ ಹತ್ತಿರವಾಗಿತ್ತು. ಇನ್ನೂ ಮನೆಗಳೇಳದ ಒಂದು ಸೆಕ್ಟರಿನ ಅಗಲ ರಸ್ತೆಯಲ್ಲಿ ಅವನು ಕಾರು ನಿಲ್ಲಿಸಿದ. ಸುತ್ತ ಒಂದು ನರಪಿಳ್ಳೆಯಿಲ್ಲ. ಇಳಿದು ಸುತ್ತಿಕೊಂಡು ಬಂದು ನನ್ನ ಬಾಗಿಲು ತೆರೆದ.

"ಈಗ ಯಾರೂ ಇಲ್ಲ ಭಾವ. ನೀವೇ ಓಡಿಸಿ. ಆಫ್ ಆದ್ರೆ ಆಗ್ಲಿ, ನಂಗೂ ಮೊದಲ ದಿನ ಶೋರೂಮಿನ ಗೇಟಲ್ಲೇ ಆಫ್ ಆಗಿತ್ತು."

ಅವನ ಮುಖದಲ್ಲಿ ಕುಹಕದ ಸುಳಿವಿರಲಿಲ್ಲ. ಇದ್ದಿದ್ದರೆ ಬಹುಶಃ ನಾನು ಹಟಕ್ಕೆ ಬಿದ್ದು ಇಳಿಯುತ್ತಿದ್ದೆ. ಖಾಲಿ ಸೀಟು, ಗೇರಿನ ಗುಂಡು ತಲೆ, ಎದುರಿಗೆ ನೇರ ರಸ್ತೆ. ಎಷ್ಟು ವರ್ಷ ನಾನು ಬಾಲ್ಕನಿಯಿಂದ ನೋಡಿದ ರಸ್ತೆ ಅದು.

"ಮಂಡಿ ನೋವು" ಅಂದೆ.

ಆ ನೋವನ್ನು ಬೆಳಿಗ್ಗೆ ಹುಟ್ಟಿಸಿದವನೇ ಅವನು. ಒಂದು ಗಳಿಗೆ ನನ್ನನ್ನು ನೋಡಿ, "ಹೌದಲ್ವಾ, ಮರೆತೇಹೋಗಿತ್ತು" ಎಂದು ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಓಡಿಸಿದ್ರಾ?"

"ಮಂಡಿ ನೋವಿತ್ತು."

ಅವಳು ಯಾವಾಗಿನಿಂದ ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳಕ್ಕಾದರೂ ದಾರಿಯಿತ್ತು. ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಕೆಳಗೆ ಷಡ್ಡಕನ ಕಾರು ಸೊಸೈಟಿಯ ಗೇಟು ದಾಟಿ ರಸ್ತೆಗಿಳಿದು ದನಿ ಬದಲಿಸಿದ್ದು ಇಬ್ಬರಿಗೂ ಕೇಳಿಸಿತು.

"ಕಾರು ಹೇಗಿದೆ?"

"ಒಳಗೆಲ್ಲ ಕರಿಬೇವಿನ ವಾಸನೆ."

ಅವಳು ಅಂಗೈಗೆ ಎಣ್ಣೆ ಸುರಿದುಕೊಂಡಳು. "ಯಾವ ಕಾಲು?"

ನಾನು ಎಡಗಾಲು ಮುಂದೆ ಚಾಚಿದೆ.